ಪರಿಸರ ಕಾಯಲು ಸರ್ಕಾರಗಳು ಹಿಡಿಯುವ ದಾರಿ ಯಾಕೆ ಬದಲಾಗುತ್ತಾ ಹೋಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪರಿಸರ ಕಾನೂನಿನ ಮಾತು ಬಂದಾಗ ಒಂದೇ ಥರದ ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತವೆ. ಸರ್ಕಾರ ಯಾಕೆ ತಡ ಮಾಡುತ್ತದೆ? ನಿಷೇಧ ಒಳ್ಳೆಯದೋ ತೆರಿಗೆ ಒಳ್ಳೆಯದೋ? ಇವತ್ತು ತಂದ ಕಾನೂನನ್ನು ನಾಳೆ ಬಂದವರು ಕಿತ್ತು ಹಾಕಿದರೆ ಏನು ಗತಿ? ಬೇರೆ ಬೇರೆ ದೇಶಗಳ ಕಥೆ ಓದುತ್ತಾ ಹೋದ ಹಾಗೆ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಯಾರೋ ಕೂತು ಅಳೆದು, ಲೆಕ್ಕ ಬರೆದು, ಅದನ್ನು ಎಲ್ಲರ ಮುಂದೆ ಇಟ್ಟ ಕಡೆ ಕಾನೂನಿಗೆ ಜೀವ ಬಂದಿದೆ. ಕೆಳಗಿನ ಉತ್ತರಗಳಲ್ಲಿ ಅದು ಆಗಾಗ ಕಾಣಿಸುತ್ತದೆ.

ಪರಿಸರ ಕಾನೂನು ಅನ್ನುವುದು ಈಚಿನ ಐವತ್ತು ವರ್ಷದ ವಿಷಯ ಅಲ್ವಾ?

ಅಲ್ಲ. ಬ್ರಿಟನ್ 1863ರಲ್ಲೇ ಆಲ್ಕಲಿ ಕಾಯ್ದೆ ತಂದಿತ್ತು. ಸೋಪು, ಗಾಜು ಮಾಡಲು ಬೇಕಾದ ಸೋಡಾವನ್ನು ಆಗ ಉಪ್ಪಿನಿಂದ ತಯಾರಿಸುತ್ತಿದ್ದರು. ಆ ಕೆಲಸದಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಹಬೆ ವಿಪರೀತ ಹೊರಬರುತ್ತಿತ್ತು. ಕಾರ್ಖಾನೆಗಳ ಸುತ್ತ ಮರಗಳು ಒಣಗಿ ನಿಂತವು, ಬೆಳೆ ಸುಟ್ಟುಹೋಯಿತು. ಜಮೀನ್ದಾರರು ಸಂಸತ್ತಿನವರೆಗೆ ದೂರು ಒಯ್ದರು. ಕಾಯ್ದೆ ಹೇಳಿದ್ದು ಒಂದೇ ಮಾತು: ಆ ಹಬೆಯಲ್ಲಿ ನೂರಕ್ಕೆ 95 ಪಾಲನ್ನು ಹಿಡಿಯಲೇಬೇಕು.

ಹಿಡಿಯುವ ಉಪಾಯ ಸರಳ. ಎತ್ತರದ ಗೋಪುರದೊಳಗೆ ಕೋಕ್ (ಕಲ್ಲಿದ್ದಲನ್ನು ಕಾಯಿಸಿ ಮಾಡಿದ ಇದ್ದಿಲು) ತುಂಡುಗಳನ್ನು ತುಂಬುತ್ತಾರೆ. ಮೇಲಿನಿಂದ ನೀರು ಜಿನುಗಿಸುತ್ತಾರೆ. ಕೆಳಗಿನಿಂದ ಏರುವ ಹಬೆ ಆ ಒದ್ದೆ ತುಂಡುಗಳ ಸಂದಿಯಲ್ಲಿ ನುಸುಳುವಾಗ ನೀರಲ್ಲಿ ಕರಗಿ ಇಳಿದುಬಿಡುತ್ತದೆ. ಈ ಗೋಪುರ ಕಾಯ್ದೆ ಬರುವ 27 ವರ್ಷ ಮೊದಲೇ, 1836ರಲ್ಲೇ ಇತ್ತು. ಹೊಸದಾಗಿ ಬಂದದ್ದು ಎರಡು: ಒಂದು ಅಂಕಿ, ಮತ್ತು ಅದನ್ನು ಅಳೆಯಲು ಕಾರ್ಖಾನೆಯಿಂದ ಕಾರ್ಖಾನೆಗೆ ತಿರುಗುವ ಇನ್‌ಸ್ಪೆಕ್ಟರ್. ಮೊದಲ ಮುಖ್ಯ ಇನ್‌ಸ್ಪೆಕ್ಟರ್ ರಾಬರ್ಟ್ ಆಂಗಸ್ ಸ್ಮಿತ್ ಅನ್ನುವ ರಸಾಯನಶಾಸ್ತ್ರಜ್ಞ. ‘ಆಮ್ಲಮಳೆ’ ಅನ್ನುವ ಮಾತನ್ನು 1872ರಲ್ಲಿ ಬಳಸಿದವರೂ ಅವರೇ.

ಆದರೆ ಆಮ್ಲ ಕರಗಿದ ನೀರನ್ನು ಎಷ್ಟೋ ಕಡೆ ಹಳ್ಳಕ್ಕೆ, ಹೊಳೆಗೆ ಬಿಟ್ಟರು. ಗಾಳಿ ತಿಳಿಯಾಯಿತು, ನೀರು ಕೆಟ್ಟಿತು. ಕಾಯ್ದೆ ಗಾಳಿಯನ್ನು ಮಾತ್ರ ನೋಡಿತ್ತು.

ಅನಾಹುತ ಆಗುವವರೆಗೆ ಸರ್ಕಾರಗಳು ಯಾಕೆ ಕಾಯುತ್ತವೆ?

ನನ್ನನ್ನು ಬಹಳ ಕಾಡಿದ ಪ್ರಶ್ನೆ ಇದು. ಎರಡು ಊರಿನ ಕಥೆ ಹೇಳುತ್ತೇನೆ.

ಮೊದಲನೆಯದು ಲಂಡನ್, 1952ರ ಡಿಸೆಂಬರ್ 5ರಿಂದ 9. ಚಳಿಗೆ ಮನೆ ಮನೆಯಲ್ಲೂ ಕಲ್ಲಿದ್ದಲು ಉರಿಯುತ್ತಿತ್ತು. ಗಾಳಿ ಅಲುಗಲಿಲ್ಲ. ಹೊಗೆ ಮಂಜಿನ ಜೊತೆ ಬೆರೆತು ನೆಲಕ್ಕೆ ಕೂತಿತು. ಬಸ್ಸಿನ ಕಂಡಕ್ಟರ್ ಇಳಿದು, ಕೈಯಲ್ಲಿ ದೀಪ ಹಿಡಿದು, ಬಸ್ಸಿನ ಮುಂದೆ ನಡೆದು ದಾರಿ ತೋರಿಸಬೇಕಾಯಿತು. ಆ ಐದು ದಿನ ಊರು ಅದನ್ನು ಸಹಿಸಿಕೊಂಡಿತು, ಯಾಕೆಂದರೆ ಹೊಗೆಮಂಜು ಅಲ್ಲಿನವರಿಗೆ ಹೊಸದಲ್ಲ. ಸಾವಿನ ದಾಖಲೆಗಳನ್ನು ಕೂಡಿಸಿ ನೋಡಿದಾಗ ಎದೆ ಝಲ್ ಅಂದಿತು. ಮಾಮೂಲಿಗಿಂತ ಸುಮಾರು 4,000 ಜನ ಜಾಸ್ತಿ ಸತ್ತಿದ್ದರು. ಆಮೇಲಿನ ಅಧ್ಯಯನಗಳು ಆ ಅಂಕಿಯನ್ನು 12,000ದವರೆಗೂ ಒಯ್ದವು. ಮುಂದಿನ ತಿಂಗಳುಗಳ ಸಾವಿಗೆ ಸರ್ಕಾರ ಫ್ಲೂ ಜ್ವರ ಕಾರಣ ಅಂದಿತು. ಸಂಸತ್ತಿನ ಒಳಗೂ ಹೊರಗೂ ಒತ್ತಡ ಬಿದ್ದ ಮೇಲೆ 1956ರಲ್ಲಿ ಶುದ್ಧ ಗಾಳಿ ಕಾಯ್ದೆ ಬಂತು. ಆವರೆಗೆ ಹೊಗೆಯ ಕಾನೂನು ಅಂದರೆ ಕಾರ್ಖಾನೆಗೆ ಮಾತ್ರ. ಈ ಕಾಯ್ದೆ ಮನೆಯ ಒಲೆಗೂ ಕೈಯಿಟ್ಟಿತು. ಹೊಗೆ ಬಿಡಬಾರದ ಪ್ರದೇಶಗಳನ್ನು ಗುರುತಿಸಿದರು, ಒಲೆ ಬದಲಾಯಿಸಲು ಸಹಾಯಧನ ಕೊಟ್ಟರು. ಜನರಿಗೆ ಖರ್ಚು ತಂದೊಡ್ಡುವ ಕಾನೂನು, ಆ ಖರ್ಚಿನಲ್ಲಿ ಪಾಲು ಹೊತ್ತದ್ದರಿಂದಲೇ ನಿಂತಿತು ಅನಿಸುತ್ತದೆ.

ಎರಡನೆಯದು ಜಪಾನಿನ ಮಿನಮಾಟ. ಕಾರ್ಖಾನೆ ಕೊಲ್ಲಿಗೆ ಬಿಟ್ಟ ಪಾದರಸ ಮೀನಿಗೆ ಸೇರಿತು, ಮೀನಿನಿಂದ ಮನುಷ್ಯರಿಗೆ. ಕೈಕಾಲು ನಡುಗಿ, ಮಾತು ತೊದಲಿ, ಕಣ್ಣು ಕಿವಿ ಮಂದವಾದವು. ತಾಯಿಯ ಹೊಟ್ಟೆಯೊಳಗಿನ ಕೂಸನ್ನೂ ಅದು ಬಿಡಲಿಲ್ಲ. ಕಾಯಿಲೆ ದಾಖಲಾದದ್ದು 1956ರಲ್ಲಿ. ಕಾರಣ ಕಾರ್ಖಾನೆಯೇ ಎಂದು ಸರ್ಕಾರ ಒಪ್ಪಿದ್ದು 1968ರ ಸೆಪ್ಟೆಂಬರ್‌ನಲ್ಲಿ. ಪಾದರಸ ಬಳಸುವ ಆ ತಯಾರಿಕೆಯನ್ನು ಕಂಪನಿ ಅದೇ ವರ್ಷದ ಮೇ ತಿಂಗಳಲ್ಲಿ ನಿಲ್ಲಿಸಿ ಆಗಿತ್ತು. ಹನ್ನೆರಡು ವರ್ಷ ಜನ ಆ ಮೀನನ್ನು ನಂಬಿ ಬದುಕಿದರು.

ಯಾಕೆ ಇಷ್ಟು ತಡ? ಆಗಿನ ಧೋರಣೆ ಎಂಥದ್ದು ಅನ್ನುವುದು ಕಾನೂನಿನಲ್ಲೇ ಕಾಣುತ್ತದೆ. ಜಪಾನ್ 1967ರಲ್ಲಿ ಮಾಲಿನ್ಯದ ಮೂಲ ಕಾನೂನು ತಂದಾಗ, ಪರಿಸರ ರಕ್ಷಣೆ ಆರ್ಥಿಕ ಬೆಳವಣಿಗೆಗೆ ಹೊಂದಿಕೊಂಡು ಹೋಗಬೇಕು ಅನ್ನುವ ಒಂದು ಸಾಲು ಸೇರಿಸಿತ್ತು. ಆ ಒಂದು ಸಾಲು ಇದ್ದರೆ ಸಾಕು, ಅಧಿಕಾರಿ ಯಾವಾಗ ಬೇಕಾದರೂ ಕೈಕಟ್ಟಿ ಕೂರಬಹುದು. 1970ರಲ್ಲಿ ಸಂಸತ್ತು ಒಂದೇ ಅಧಿವೇಶನದಲ್ಲಿ 14 ಮಾಲಿನ್ಯ ಕಾನೂನು ಮಾಡಿತು, ಆ ಸಾಲನ್ನೂ ತೆಗೆದು ಹಾಕಿತು. ಜಪಾನಿಗೆ ಹೊಸ ದಾರಿ ತೆರೆದದ್ದು ಆ ಸಾಲು ಅಳಿಸಿದಾಗ ಅಂತ ನಾನು ಭಾವಿಸುತ್ತೇನೆ.

ಭಾರತದಲ್ಲೂ ಹೀಗೇ ಆಯಿತು. ಭೋಪಾಲದ ಅನಿಲ ದುರಂತ 1984ರ ಡಿಸೆಂಬರ್‌ನಲ್ಲಿ, ಪರಿಸರ ಸಂರಕ್ಷಣಾ ಕಾಯ್ದೆ 1986ರಲ್ಲಿ.

1970ರ ಸುತ್ತಮುತ್ತ ಅಷ್ಟೊಂದು ದೇಶಗಳು ಒಟ್ಟಿಗೆ ಎಚ್ಚರಾದದ್ದು ಹೇಗೆ?

ಎಲ್ಲ ಕಡೆ ಕೊಳಕು ಒಟ್ಟಿಗೇ ಮಿತಿ ಮೀರಿತ್ತು. 1969ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಎಣ್ಣೆ ತೇಲುತ್ತಿದ್ದ ಕಯಾಹೋಗ ನದಿಗೆ ಬೆಂಕಿ ಹತ್ತಿತು. ಆ ನದಿಗೆ ಬೆಂಕಿ ಬಿದ್ದದ್ದು ಅದೇ ಮೊದಲಲ್ಲ. ಆದರೆ ಜನ ಈ ಸಲ ಅದನ್ನು ಬೇರೆ ಕಣ್ಣಿನಿಂದ ನೋಡಿದರು. 1970ರಲ್ಲಿ ಅಲ್ಲಿ ಪರಿಸರ ಸಂರಕ್ಷಣಾ ಏಜೆನ್ಸಿ ಹುಟ್ಟಿತು. 1972ರ ಶುದ್ಧ ನೀರು ಕಾಯ್ದೆಯನ್ನು ಅಧ್ಯಕ್ಷ ನಿಕ್ಸನ್ ತಡೆದರೂ ಸಂಸತ್ತು ಅದನ್ನು ಮೀರಿ ಪಾಸು ಮಾಡಿತು. ಅದೇ ವರ್ಷ ಸ್ಟಾಕ್‌ಹೋಮ್‌ನಲ್ಲಿ 113 ದೇಶಗಳು ಸೇರಿದವು. ಪರಿಸರ ದಿನ ಜೂನ್ 5ಕ್ಕೆ ಬಂದದ್ದು ಆ ಸಭೆಯಿಂದಲೇ. ಭಾರತ 1974ರಲ್ಲಿ ಜಲಮಾಲಿನ್ಯದ ಕಾಯ್ದೆ ತಂದು, 1976ರಲ್ಲಿ ಪರಿಸರ ರಕ್ಷಣೆಯನ್ನು ಸಂವಿಧಾನಕ್ಕೇ ಸೇರಿಸಿತು.

ಈ ಕಾಲದ ಕಾನೂನುಗಳ ರೀತಿ ಒಂದೇ: ಮಿತಿ ಇಷ್ಟು, ಮೀರಿದರೆ ದಂಡ. ಜೊತೆಗೆ ಇನ್ನೊಂದು ಹೊಸ ಯೋಚನೆ ಬಂತು. ಅಣೆಕಟ್ಟು, ಹೆದ್ದಾರಿ ಕಟ್ಟುವ ಮೊದಲೇ ಪರಿಸರಕ್ಕೆ ಏನಾಗುತ್ತದೆ ಎಂದು ವರದಿ ಬರೆಯಬೇಕು. ಅಮೆರಿಕದಲ್ಲಿ 1970ರಲ್ಲಿ ಶುರುವಾದ ಈ ಪದ್ಧತಿ ಆಮೇಲೆ ಜಗತ್ತೆಲ್ಲ ಹರಡಿತು.

ಒಳ್ಳೆಯ ಉದ್ದೇಶದ ನಿಯಮವೂ ತೊಂದರೆ ತರಬಹುದಾ?

ಖಂಡಿತ. ಹೊಗೆ ಕೆಳಗೆ ಕೂರುತ್ತದೆ ಅಂತ ಚಿಮಣಿ ಎತ್ತರ ಮಾಡಿದರು. ಕೆನಡಾದ ಸಡ್‌ಬರಿಯಲ್ಲಿ 1972ರಲ್ಲಿ 381 ಮೀಟರ್ ಎತ್ತರದ ಚಿಮಣಿ ಎದ್ದಿತು. ಊರಿನವರ ಉಸಿರು ಹಗುರವಾಯಿತು, ನಿಜ. ಆದರೆ ಗಂಧಕದ ಹೊಗೆ ಗಾಳಿಯಲ್ಲಿ ನೂರಾರು ಕಿಲೋಮೀಟರ್ ಹೋಗಿ ಮಳೆಯಾಗಿ ಇಳಿಯಿತು. ಯುರೋಪಿನಲ್ಲಿ ಬ್ರಿಟನ್ ಮತ್ತಿತರ ದೇಶಗಳ ಹೊಗೆ ಸ್ವೀಡನ್, ನಾರ್ವೆಯ ಕೆರೆಗಳಿಗೆ ಬಿತ್ತು. ನೀರು ಕನ್ನಡಿಯ ಹಾಗೆ ತಿಳಿ, ಒಳಗೆ ಮೀನಿಲ್ಲ. ತಪ್ಪು ಒಬ್ಬರದು, ನಷ್ಟ ಇನ್ನೊಬ್ಬರದು. ಕೊನೆಗೆ 1979ರಲ್ಲಿ ಗಡಿ ದಾಟುವ ವಾಯುಮಾಲಿನ್ಯದ ಬಗ್ಗೆ ಜಿನೀವಾದಲ್ಲಿ ಒಪ್ಪಂದವಾಯಿತು. ಆಮ್ಲದ ನೀರನ್ನು ಹೊಳೆಗೆ ಬಿಟ್ಟ ಹಳೇ ಕಥೆಯೇ ಇದು, ಈ ಸಲ ಇನ್ನೂ ದೊಡ್ಡದಾಗಿ.

ನಿಷೇಧ, ತೆರಿಗೆ, ಮಾರುಕಟ್ಟೆ: ಯಾವುದು ಜಾಸ್ತಿ ಕೆಲಸ ಮಾಡುತ್ತದೆ?

ವಸ್ತು ಯಾವುದು, ನಿಗಾ ಇಡುವವರು ಇದ್ದಾರಾ ಎಂಬುದರ ಮೇಲೆ ಹೋಗುತ್ತದೆ.

ಪ್ಲಾಸ್ಟಿಕ್ ಚೀಲ ತೆಗೆದುಕೊಳ್ಳಿ. 2002ರಲ್ಲಿ ಬಾಂಗ್ಲಾದೇಶ ತೆಳು ಚೀಲಗಳನ್ನು ನಿಷೇಧಿಸಿತು. ಹಾಗೆ ಮಾಡಿದ ಮೊದಲ ದೇಶ ಅದು. ಪ್ರವಾಹದ ಹೊತ್ತಲ್ಲಿ ಚೀಲಗಳು ಚರಂಡಿ ಕಟ್ಟಿ ನೀರು ನಿಲ್ಲುವುದನ್ನು ಜನ ಕಣ್ಣಾರೆ ಕಂಡಿದ್ದರು, ಹಾಗಾಗಿ ಮೊದಮೊದಲು ಒಳ್ಳೆಯ ಸಹಕಾರ ಸಿಕ್ಕಿತು. ನಿಗಾ ಸಡಿಲವಾದ ಹಾಗೆ ಚೀಲಗಳು ವಾಪಸ್ ಬಂದವು. ಅದೇ ವರ್ಷ ಐರ್ಲೆಂಡ್ ನಿಷೇಧ ಮಾಡಲಿಲ್ಲ. ಪ್ರತಿ ಚೀಲಕ್ಕೆ 15 ಸೆಂಟ್ ಸುಂಕ ಹಾಕಿತು. ಅಂಗಡಿಯವನು ತಾನು ಭರಿಸುವ ಹಾಗಿಲ್ಲ, ಗಿರಾಕಿಯಿಂದಲೇ ವಸೂಲು ಮಾಡಬೇಕು. ಬಿಲ್ ಕೊಡುವ ಕಡೆ ನಿಂತಾಗ ಆ ಸಣ್ಣ ಮೊತ್ತ ಕಣ್ಣಿಗೆ ಬೀಳುತ್ತದೆ, ಬಟ್ಟೆಚೀಲ ಮರೆತದ್ದು ನೆನಪಾಗುತ್ತದೆ. ಬಳಕೆ ಸುಮಾರು 90% ಇಳಿಯಿತು. ವಸೂಲಿಗೆ ಬೇಕಾದ ಬಿಲ್ಲಿನ ವ್ಯವಸ್ಥೆ ಮೊದಲೇ ಇದ್ದದ್ದು ಅವರಿಗೆ ಅನುಕೂಲವಾಯಿತು, ಅದನ್ನೂ ಹೇಳಬೇಕು. ರಸ್ತೆಬದಿಯ ವ್ಯಾಪಾರವೇ ಜಾಸ್ತಿ ಇರುವ ಕಡೆ ಈ ಉಪಾಯ ಹಾಗೇ ನಡೆಯುವುದಿಲ್ಲ.

ಮಾರುಕಟ್ಟೆಯ ದಾರಿಗೆ ಒಳ್ಳೆಯ ಉದಾಹರಣೆ ಅಮೆರಿಕದ ಆಮ್ಲಮಳೆ ಕಾರ್ಯಕ್ರಮ. 1990ರ ಕಾನೂನು ಗಂಧಕದ ಡೈಆಕ್ಸೈಡನ್ನು 1980ರ ಮಟ್ಟದಿಂದ ವರ್ಷಕ್ಕೆ 1 ಕೋಟಿ ಟನ್ ಇಳಿಸಬೇಕು ಅಂದಿತು. ಒಟ್ಟು ಮಿತಿಯನ್ನು ಟನ್ನಿಗೆ ಒಂದರಂತೆ ಪರವಾನಗಿಗಳಾಗಿ ಹಂಚಿದರು. ಕಡಿಮೆ ಹೊಗೆ ಬಿಟ್ಟವರು ಉಳಿದದ್ದನ್ನು ಮಾರಬಹುದು. ಮೊದಲು ಅಂದಾಜು ಮಾಡಿದ್ದಕ್ಕಿಂತ ತುಂಬಾ ಕಡಿಮೆ ಖರ್ಚಿನಲ್ಲಿ ಕೆಲಸ ಆಯಿತು. ಜನ ಇದನ್ನು ಮಾರುಕಟ್ಟೆಯ ಗೆಲುವು ಅನ್ನುತ್ತಾರೆ. ನನಗೆ ಮುಖ್ಯ ಅನಿಸುವುದು ಬೇರೆ: ಚಿಮಣಿಗಳಲ್ಲಿ ದಿನವಿಡೀ ಅಳೆಯುವ ಯಂತ್ರ ಕೂರಿಸುವುದು ಕಡ್ಡಾಯವಾಗಿತ್ತು, ಅಂಕಿಗಳನ್ನು ಯಾರು ಬೇಕಾದರೂ ನೋಡಬಹುದಿತ್ತು. ಹೊಗೆ ಎಷ್ಟು ಅಂತಲೇ ಗೊತ್ತಿಲ್ಲದಿದ್ದರೆ ಪರವಾನಗಿ ಮಾರುವುದು ಸುಮ್ನೆ ಕಾಗದ ಮಾರಿದ ಹಾಗೆ.

ಕೆಲವು ವಿಷಗಳಿಗೆ ಮಾತ್ರ ನಿಷೇಧವೇ ಸರಿ. ಪೆಟ್ರೋಲಿಗೆ ಸೀಸ ಬೆರೆಸುವುದು 1920ರ ದಶಕದಲ್ಲಿ ಶುರುವಾಯಿತು. 1980ರ ದಶಕದ ಆರಂಭದಲ್ಲಿ ಅಮೆರಿಕ ಸರ್ಕಾರ ಸೀಸದ ಮಿತಿಯನ್ನು ಸಡಿಲಿಸಲು ಯೋಚಿಸುತ್ತಿತ್ತು. ಆಗ ದೇಶದ ಆರೋಗ್ಯ ಸಮೀಕ್ಷೆಯ ಫಲಿತಾಂಶ ಬಂತು. 1976ರಿಂದ 1980ರ ನಡುವೆ ಜನರ ರಕ್ತದಲ್ಲಿನ ಸೀಸ ಮೂರನೇ ಒಂದು ಪಾಲಿಗಿಂತ ಜಾಸ್ತಿ ಇಳಿದಿತ್ತು. ಪೆಟ್ರೋಲಿನ ಸೀಸ ಇಳಿದ ಗೆರೆ, ರಕ್ತದ ಸೀಸ ಇಳಿದ ಗೆರೆ ಎರಡೂ ಜೊತೆಜೊತೆಗೆ ಸಾಗಿದ್ದವು. ಸರ್ಕಾರ ಸಡಿಲಿಸುವುದನ್ನು ಬಿಟ್ಟು ಮಿತಿಯನ್ನು ಇನ್ನೂ ಬಿಗಿ ಮಾಡಿತು. ಒಂದು ರಕ್ತಪರೀಕ್ಷೆ ಎಷ್ಟು ಮಕ್ಕಳ ಮೆದುಳನ್ನು ಕಾಪಾಡಿತು ನೋಡಿ. ಕಾರುಗಳಿಗೆ ಸೀಸದ ಪೆಟ್ರೋಲ್ ಮಾರುವುದು ಕೊನೆಯದಾಗಿ ನಿಂತದ್ದು ಅಲ್ಜೀರಿಯಾದಲ್ಲಿ, 2021ರಲ್ಲಿ.

ದಂಡ ಹಾಕದೆ, ತೆರಿಗೆಯನ್ನೂ ಹಾಕದೆ ಏನಾದರೂ ಮಾಡಲು ಆಗುತ್ತದಾ?

ಆಗುತ್ತದೆ. ಇಂಡೋನೇಷ್ಯಾ 1995ರಲ್ಲಿ ಕಾರ್ಖಾನೆಗಳಿಗೆ ಬಣ್ಣ ಕೊಡಲು ಶುರು ಮಾಡಿತು. ಚಿನ್ನ, ಹಸಿರು, ನೀಲಿ, ಕೆಂಪು, ಕಪ್ಪು. ನಿಯಮ ಪಾಲಿಸಿದರೆ ನೀಲಿ, ಅದಕ್ಕಿಂತ ಚೆನ್ನಾಗಿದ್ದರೆ ಹಸಿರು, ಏನೂ ಮಾಡದವರಿಗೆ ಕಪ್ಪು. ಮೊದಲ ಸುತ್ತಿನಲ್ಲಿ ಒಳ್ಳೆಯ ಕಾರ್ಖಾನೆಗಳ ಹೆಸರನ್ನಷ್ಟೇ ಹೊರಗಿಟ್ಟರು. ಉಳಿದವರಿಗೆ ಆರು ತಿಂಗಳು ಸಮಯ ಕೊಟ್ಟು, ಆಮೇಲೆ ಹೆಸರು ಹೇಳುತ್ತೇವೆ ಅಂದರು. ಆ ಆರು ತಿಂಗಳಲ್ಲೇ ಕೆಲವರು ಕಪ್ಪಿನಿಂದ ಮೇಲೇರಿದರು. ಮಾಲಿನ್ಯದ ವರದಿ ಓದಿ ಅರ್ಥ ಮಾಡಿಕೊಳ್ಳುವುದು ಎಲ್ಲರಿಗೂ ಆಗುವುದಿಲ್ಲ. ‘ನಿಮ್ಮ ಪಕ್ಕದ ಕಾರ್ಖಾನೆ ಕಪ್ಪು’ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ಇದ್ದೂ ಗಾಳಿ, ನೀರು ಯಾಕೆ ಸರಿಹೋಗುವುದಿಲ್ಲ?

ಎಷ್ಟೋ ಸಲ ಕಾರಣ ಲೆಕ್ಕದಲ್ಲೇ ಇರುತ್ತದೆ. ಶುದ್ಧೀಕರಣ ಘಟಕ ನಡೆಸುವ ಖರ್ಚಿಗಿಂತ ದಂಡ ಕಡಿಮೆ ಇದ್ದರೆ ಕಾರ್ಖಾನೆಯವರು ದಂಡ ಕಟ್ಟಿ ಕೆಲಸ ಮುಂದುವರಿಸುತ್ತಾರೆ. ಚೀನಾದಲ್ಲಿ ವರ್ಷಗಟ್ಟಲೆ ಹೀಗೇ ಇತ್ತು. 2014ರಲ್ಲಿ ತಿದ್ದಿ, 2015ರ ಜನವರಿ 1ರಿಂದ ಜಾರಿಗೆ ತಂದ ಕಾನೂನು ಇದನ್ನು ಬದಲಾಯಿಸಿತು. ಸರಿಪಡಿಸಿ ಎಂದು ಹೇಳಿದ ಮೇಲೂ ಸರಿಪಡಿಸದಿದ್ದರೆ ದಂಡ ದಿನ ದಿನ ಕೂಡುತ್ತಾ ಹೋಗುತ್ತದೆ. ಅದಕ್ಕೆ ಗರಿಷ್ಠ ಮಿತಿಯೇ ಇಲ್ಲ. ಜೊತೆಗೆ ಗಾಳಿಯ ಅಂಕಿಗಳನ್ನು ಆಗಿಂದಾಗಲೇ ಜನರಿಗೆ ತೋರಿಸತೊಡಗಿದರು. ಬೀಜಿಂಗ್‌ನಲ್ಲಿ ಸೂಕ್ಷ್ಮ ಕಣಗಳ ವರ್ಷದ ಸರಾಸರಿ 2013ರಲ್ಲಿ ಘನ ಮೀಟರಿಗೆ ಸುಮಾರು 90 ಮೈಕ್ರೋಗ್ರಾಂ ಇದ್ದದ್ದು 2017ಕ್ಕೆ 58ಕ್ಕೆ ಬಂತು.

ಅವಸರದ ನೋವನ್ನೂ ಹೇಳಬೇಕು. 2017ರ ಚಳಿಗಾಲದಲ್ಲಿ ಉತ್ತರ ಚೀನಾದ ಹಳ್ಳಿಗಳಲ್ಲಿ ಕಲ್ಲಿದ್ದಲ ಒಲೆ ನಿಲ್ಲಿಸಿದರು. ಗ್ಯಾಸ್ ಕೆಲವು ಕಡೆ ತಲುಪಿರಲಿಲ್ಲ. ಶಾಲೆಯ ಕೋಣೆ ಕೊರೆಯುತ್ತಿತ್ತು ಅಂತ ಮಕ್ಕಳು ಹೊರಗೆ ಬಿಸಿಲಿನಲ್ಲಿ ಕೂತು ಪಾಠ ಕಲಿತರು. ಲಂಡನ್‌ನಲ್ಲಿ ಒಲೆಗೆ ಸಹಾಯಧನ ಕೊಟ್ಟದ್ದನ್ನು ಇದರ ಪಕ್ಕ ಇಟ್ಟು ನೋಡಿ.

ಪರಿಸರದ ತೆರಿಗೆ ಹಾಕಿದಾಗ ಜನ ಬೀದಿಗಿಳಿಯುವುದು ಯಾಕೆ?

ಯಾರ ಜೇಬಿನಿಂದ ಹೋಗುತ್ತದೆ ಅನ್ನುವುದೇ ಕಾರಣ. 2018ರ ನವೆಂಬರ್‌ನಲ್ಲಿ ಫ್ರಾನ್ಸ್‌ನಲ್ಲಿ ಹಳದಿ ಜಾಕೆಟ್ ತೊಟ್ಟ ಜನ ರಸ್ತೆ ತಡೆದರು. ಬಸ್ಸು, ರೈಲು ಇಲ್ಲದ ಊರಲ್ಲಿ ಕಾರಿಲ್ಲದೆ ಕೆಲಸಕ್ಕೆ ಹೋಗಲು ಆಗದವರಿಗೆ ಇಂಧನದ ತೆರಿಗೆ ನೇರ ಹೊಡೆತ. ಡಿಸೆಂಬರ್‌ನಲ್ಲಿ ಸರ್ಕಾರ ಮುಂದಿನ ವರ್ಷದ ಏರಿಕೆಯನ್ನು ಕೈಬಿಟ್ಟಿತು. ಸ್ವೀಡನ್ 1991ರಲ್ಲೇ ಕಾರ್ಬನ್ ತೆರಿಗೆ, ಅಂದರೆ ಇಂಧನ ಸುಟ್ಟಾಗ ಬರುವ ಇಂಗಾಲದ ಹೊಗೆಗೆ ತೆರಿಗೆ, ತಂದಿತ್ತು. ಆದರೆ ಅದೇ ಹೊತ್ತಿಗೆ ಆದಾಯ ತೆರಿಗೆಯನ್ನು ಇಳಿಸಿತ್ತು, ಆಮೇಲೆ ವರ್ಷ ವರ್ಷ ನಿಧಾನವಾಗಿ ಏರಿಸಿತು. ಬದಲಿ ದಾರಿ ಕೊಡದೆ ತೆರಿಗೆ ಮಾತ್ರ ಹಾಕಿದರೆ ಜನರ ಸಿಟ್ಟು ನ್ಯಾಯವೇ ಅಂತ ನಾನು ಅಂದುಕೊಂಡಿದ್ದೇನೆ.

ಸರ್ಕಾರ ಬದಲಾದರೆ ಎಲ್ಲವೂ ಹಿಂದಕ್ಕೆ ಹೋಗುತ್ತದಾ?

ಹೋಗಬಹುದು. ಆಸ್ಟ್ರೇಲಿಯಾ 2012ರಲ್ಲಿ ಇಂಗಾಲಕ್ಕೆ ಬೆಲೆ ಕಟ್ಟಿತು, 2014ರಲ್ಲಿ ಅದನ್ನು ರದ್ದು ಮಾಡಿತು. ಅಮೆರಿಕ ಹವಾಮಾನದ ಪ್ಯಾರಿಸ್ ಒಪ್ಪಂದದಿಂದ 2020ರಲ್ಲಿ ಹೊರಬಂತು, 2021ರಲ್ಲಿ ಸೇರಿತು, 2025ರಲ್ಲಿ ಮತ್ತೆ ಹೊರಡುವ ತೀರ್ಮಾನ ಮಾಡಿತು.

ಬ್ರೆಜಿಲ್ ಕಥೆ ಎಲ್ಲಕ್ಕಿಂತ ಸ್ಪಷ್ಟ. 2004ರಲ್ಲಿ ಅಲ್ಲಿನ ಅಮೆಜಾನ್ ಕಾಡು ಸುಮಾರು 27,800 ಚದರ ಕಿಲೋಮೀಟರ್ ನಾಶವಾಯಿತು. ಸರ್ಕಾರ ಉಪಗ್ರಹದಿಂದ ನಿಗಾ ಇಟ್ಟು, ಎಚ್ಚರಿಕೆ ಬಂದ ಕಡೆ ಕೂಡಲೇ ಅರಣ್ಯ ಸಿಬ್ಬಂದಿ ಕಳಿಸಿತು. 2012ಕ್ಕೆ ಅದು ಸುಮಾರು 4,600ಕ್ಕೆ ಇಳಿಯಿತು. ಆಮೇಲೆ ನಿಗಾ ಸಡಿಲವಾಯಿತು, 2021ರಲ್ಲಿ 13,000 ದಾಟಿತು. ಬಿಗಿ ಮಾಡಿದ ಮೇಲೆ 2023ರಲ್ಲಿ ಸುಮಾರು 9,000ಕ್ಕೆ ಬಂತು. ಉಪಗ್ರಹ ಎಲ್ಲ ವರ್ಷವೂ ಚಿತ್ರ ಕಳಿಸುತ್ತಲೇ ಇತ್ತು. ಅದನ್ನು ನೋಡಿ ಜೀಪು ಹತ್ತುವವರು ಇದ್ದರೋ ಇಲ್ಲವೋ ಅನ್ನುವುದಷ್ಟೇ ವ್ಯತ್ಯಾಸ.

ಹಾಗಾದರೆ ಕೋರ್ಟುಗಳು?

ಈಗ ಅವುಗಳ ಪಾತ್ರ ಹೆಚ್ಚುತ್ತಿದೆ. ಹವಾಮಾನ ಕೆಡಿಸುವ ಅನಿಲಗಳನ್ನು 2020ರೊಳಗೆ 1990ರ ಮಟ್ಟಕ್ಕಿಂತ ಕನಿಷ್ಠ 25% ಇಳಿಸಲೇಬೇಕು ಎಂದು ನೆದರ್‌ಲ್ಯಾಂಡ್ಸ್‌ನ ಸುಪ್ರೀಂ ಕೋರ್ಟ್ 2019ರ ಡಿಸೆಂಬರ್‌ನಲ್ಲಿ ತನ್ನ ಸರ್ಕಾರಕ್ಕೇ ಹೇಳಿತು. ಕೋರ್ಟಿನ ಆಚೆಗೂ ಕಾನೂನಿನ ಯೋಚನೆ ಬದಲಾಗುತ್ತಿದೆ: ನ್ಯೂಜಿಲೆಂಡ್ ಸಂಸತ್ತು 2017ರಲ್ಲಿ ವಾಂಗನುಯಿ ನದಿಯನ್ನು ಕಾನೂನಿನ ಕಣ್ಣಲ್ಲಿ ಒಬ್ಬ ವ್ಯಕ್ತಿ ಎಂದು ಒಪ್ಪಿತು. ನದಿಯ ಪರವಾಗಿ ಮಾತಾಡಲು ಇಬ್ಬರು ಇದ್ದಾರೆ, ಒಬ್ಬರನ್ನು ಸರ್ಕಾರ ನೇಮಿಸುತ್ತದೆ, ಇನ್ನೊಬ್ಬರನ್ನು ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನ.

ಕಾಡು ಉಳಿಸಬೇಕೆಂದರೆ ಅಲ್ಲಿರುವ ಜನರನ್ನು ಹೊರಗೆ ಕಳಿಸಲೇಬೇಕಾ?

ಹಿಂದೆ ಹಾಗೆ ನಂಬಿದ್ದರು. 1872ರಲ್ಲಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ಆದಾಗ ಅಲ್ಲಿನ ಮೂಲನಿವಾಸಿಗಳು ಜಾಗ ಬಿಡಬೇಕಾಯಿತು. ಆ ಮಾದರಿ ಎಷ್ಟೋ ದೇಶಗಳಿಗೆ ಹೋಯಿತು, ಜೊತೆಗೆ ಆ ಅನ್ಯಾಯವೂ ಹೋಯಿತು. ನೇಪಾಳ 1993ರ ಕಾನೂನಿನಲ್ಲಿ ಕಾಡಿನ ಉಸ್ತುವಾರಿಯನ್ನು ಹಳ್ಳಿಯ ಬಳಕೆದಾರರ ಗುಂಪುಗಳಿಗೆ ಕೊಟ್ಟಿತು, ಬೋಳಾಗಿದ್ದ ಗುಡ್ಡಗಳಲ್ಲಿ ಮರ ಮತ್ತೆ ಬಂದವು. ಭಾರತದ 2006ರ ಅರಣ್ಯ ಹಕ್ಕು ಕಾಯ್ದೆಯ ಬಲದಿಂದಲೇ 2013ರಲ್ಲಿ ಒಡಿಶಾದ ನಿಯಮಗಿರಿಯ 12 ಗ್ರಾಮಸಭೆಗಳು ಬಾಕ್ಸೈಟ್ ಗಣಿ ಬೇಡ ಅಂದವು. ಗಣಿ ನಿಂತಿತು.

ಇಷ್ಟೆಲ್ಲ ಮಾಡಿದರೂ ಫಲ ಕಾಣಲು ಎಷ್ಟು ಕಾಲ ಬೇಕು?

ಹೊಗೆ ಬೇಗ ಇಳಿಯುತ್ತದೆ. ಉಳಿದದ್ದಕ್ಕೆ ತಾಳ್ಮೆ ಬೇಕು. ಓಝೋನ್ ಪದರದ ಕಥೆ ನೋಡಿ. ಫ್ರಿಜ್, ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಅನಿಲಗಳು ಅದನ್ನು ತಿನ್ನುತ್ತವೆ ಎಂದು ವಿಜ್ಞಾನಿಗಳು 1974ರಲ್ಲಿ ಹೇಳಿದರು. ಅಂಟಾರ್ಕ್ಟಿಕಾದ ಮೇಲೆ ಪದರ ತೀರಾ ತೆಳ್ಳಗಾದದ್ದು 1985ರಲ್ಲಿ ಪ್ರಕಟವಾಯಿತು. ಎರಡೇ ವರ್ಷದಲ್ಲಿ ಇಂಥ ಅನಿಲಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದ ಆಯಿತು. ಬಡ ದೇಶಗಳ ಖರ್ಚಿಗೆ ನಿಧಿ ಮಾಡಿದರು. ಜಗತ್ತಿನ ಎಲ್ಲ ದೇಶಗಳೂ ಸಹಿ ಹಾಕಿವೆ.

ಅಷ್ಟಾದರೂ ಕಣ್ಣು ಮುಚ್ಚುವ ಹಾಗಿಲ್ಲ. 2018ರಲ್ಲಿ ಗಾಳಿ ಅಳೆಯುವ ವಿಜ್ಞಾನಿಗಳಿಗೆ ಸಿಎಫ್‌ಸಿ-11 ಇಳಿಯಬೇಕಾದ ವೇಗದಲ್ಲಿ ಇಳಿಯುತ್ತಿಲ್ಲ ಎಂದು ಗೊತ್ತಾಯಿತು. ಎಲ್ಲೋ ಯಾರೋ ಕದ್ದು ಬಿಡುತ್ತಿದ್ದರು. ಕೊರಿಯಾ, ಜಪಾನಿನ ಮಾಪನ ಕೇಂದ್ರಗಳ ಅಂಕಿ ಹಿಡಿದು ಹುಡುಕಿದಾಗ ಅದರ ದೊಡ್ಡ ಪಾಲು ಪೂರ್ವ ಚೀನಾದಿಂದ ಬರುತ್ತಿದೆ ಎಂದು 2019ರಲ್ಲಿ ಪತ್ತೆಯಾಯಿತು. ಚೀನಾ ಕ್ರಮ ಕೈಗೊಂಡಿತು, ಅಂಕಿ ಮತ್ತೆ ಇಳಿಯಿತು. ಈಗಿನ ಅಂದಾಜಿನ ಪ್ರಕಾರ ಅಂಟಾರ್ಕ್ಟಿಕಾದ ಮೇಲಿನ ಓಝೋನ್ 1980ರ ಮಟ್ಟಕ್ಕೆ ಮರಳುವುದು 2066ರ ಹೊತ್ತಿಗೆ.